ಕಷ್ಟದ ದಿನಗಳಲ್ಲಿ ಸಭೆ ತನ್ನ ನಂಬಿಕೆ ಹಂಚಿಕೊಳ್ಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪ್ರವಾಹ, ಸಾಂಕ್ರಾಮಿಕ ರೋಗ, ಯುದ್ಧ, ಸಾಲುಸಾಲಾಗಿ ಕೆಲಸ ಹೋಗುವುದು. ಇಂಥದ್ದೇನಾದರೂ ಬಂದಾಗ ಕ್ರೈಸ್ತ ಸಭೆಗಳು, ಅಂದರೆ ಚರ್ಚುಗಳು, ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ಕೆಲವು ಬಾಗಿಲು ಹಾಕಿಕೊಂಡು ತಮ್ಮವರನ್ನಷ್ಟೇ ನೋಡಿಕೊಳ್ಳುತ್ತವೆ. ಇನ್ನು ಕೆಲವು ಮೈಕು, ಕರಪತ್ರ ಹಿಡಿದು ಬೀದಿಗೆ ಇಳಿಯುತ್ತವೆ. ಮೊದಲನೆಯವರ ಮಾತು ಯಾರಿಗೂ ಕೇಳಿಸುವುದಿಲ್ಲ. ಎರಡನೆಯವರ ಮಾತು ಎಲ್ಲರಿಗೂ ಕೇಳಿಸುತ್ತದೆ, ಆದರೆ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ.

"ನಮ್ಮವರಿಗೆ ಉತ್ಸಾಹ ಇಲ್ಲ" ಎಂದು ಪಾಸ್ಟರ್‌ಗಳು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಉತ್ಸಾಹ ಬೇಕಾದಷ್ಟಿದೆ, ಕ್ರಮ ತಪ್ಪಿದೆ. ಮಾತು ಮೊದಲು ಬಂದು, ಅಳು, ಸಹಾಯ, ಕೇಳಿಸಿಕೊಳ್ಳುವುದು ಇವೆಲ್ಲ ಆಮೇಲಕ್ಕೆ ಹೋಗಿವೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

## ಶುರು ಮಾಡುವ ಮುನ್ನ ಬೇಕಾದವು

ಖರ್ಚಿನ ಸಾಮಾನು ಏನೂ ಬೇಡ. ಒಂದು ನೋಟ್‌ಬುಕ್, ಹಣದ ಲೆಕ್ಕಕ್ಕೆ ಬೇರೆ ಪುಸ್ತಕ, ಜವಾಬ್ದಾರಿ ಹೊರಲು ಕನಿಷ್ಠ ಇಬ್ಬರು. ಇಬ್ಬರಲ್ಲಿ ಒಬ್ಬರು ಪಾಸ್ಟರ್ ಆಗದಿದ್ದರೆ ಒಳ್ಳೆಯದು. ಎಲ್ಲವೂ ಪಾಸ್ಟರ್ ತಲೆಯ ಮೇಲೆ ಬಿದ್ದರೆ ಸಭೆ ಪ್ರೇಕ್ಷಕರ ಗುಂಪಾಗುತ್ತದೆ.

ಇದರ ಜೊತೆಗೆ ಒಂದು ಫೋನ್ ಪಟ್ಟಿ: ವೈದ್ಯರು, ಆಪ್ತ ಸಮಾಲೋಚಕರು, ಪೊಲೀಸ್, ಸರ್ಕಾರಿ ಪರಿಹಾರ ಕಚೇರಿ, ಮಕ್ಕಳ ಮತ್ತು ಮಹಿಳೆಯರ ಸಹಾಯವಾಣಿ. ಪ್ರತಿ ನಂಬರಿಗೂ ಒಮ್ಮೆ ಫೋನ್ ಮಾಡಿ, ಅದು ಈಗಲೂ ನಡೆಯುತ್ತಿದೆಯಾ ನೋಡಿಕೊಳ್ಳಿ. ರಾತ್ರಿ ಹತ್ತು ಗಂಟೆಗೆ ಅವಸರ ಬಿದ್ದಾಗ ಸತ್ತ ನಂಬರ್ ಹಿಡಿದು ಕೂರುವುದು ಬೇಡ.

ಬ್ಯಾನರ್, ಕ್ಯಾಮೆರಾ, ಸಭೆಯ ಹೆಸರಿರುವ ಟೀ ಶರ್ಟ್ ಬೇಡ.

## ಹಂತ 1: ಮೊದಲು ಸಭೆಯೊಳಗೆ ಅಳಲು ಜಾಗ ಕೊಡಿ

ಸಭೆಯ ಜನರೂ ಅದೇ ಕಷ್ಟದಲ್ಲಿದ್ದಾರೆ. ಅವರಲ್ಲೂ ಯಾರೋ ತೀರಿಕೊಂಡಿದ್ದಾರೆ, ಯಾರದೋ ಸಂಬಳ ನಿಂತಿದೆ. ಆ ನೋವನ್ನು ಹೇಳಿಕೊಳ್ಳಲು ಬಿಡದೆ "ಹೋಗಿ ಸಾಕ್ಷಿ ಹೇಳಿ" (ನಿಮ್ಮ ನಂಬಿಕೆಯ ಅನುಭವ ಹಂಚಿಕೊಳ್ಳಿ) ಎಂದರೆ ಅವರು ಬಾಯಿಪಾಠ ಒಪ್ಪಿಸುತ್ತಾರೆ. ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಒಂದು ಭಾನುವಾರದ ಆರಾಧನೆಯಲ್ಲಿ ಇಪ್ಪತ್ತು ನಿಮಿಷ ಇದಕ್ಕೆಂದೇ ಇಡಿ. ಸತ್ಯವೇದದ (ಬೈಬಲಿನ) ಪ್ರಾರ್ಥನಾ ಹಾಡುಗಳಲ್ಲಿ ಒಂದಾದ 13ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಇರುವುದು ಆರೇ ವಚನ. ಶುರುವಿನ ಎರಡು ವಚನಗಳಲ್ಲೇ "ಇನ್ನೂ ಎಷ್ಟು ಕಾಲ" ಎಂಬ ಕೂಗು ನಾಲ್ಕು ಸಲ ಬರುತ್ತದೆ. ಓದಿದ ಮೇಲೆ, ಮನಸ್ಸಿದ್ದವರು ತಮ್ಮ ನೋವನ್ನು ಒಂದೆರಡು ವಾಕ್ಯದಲ್ಲಿ ಹೇಳಲಿ. ನಿಯಮ ಒಂದೇ: ಯಾರೂ ಉತ್ತರ ಕೊಡಬಾರದು, ಪಾಸ್ಟರ್ ಕೂಡ.

ಇಲ್ಲಿ ಆಗುವ ತಪ್ಪು ಎಂದರೆ ಮೌನ ತಡೆಯಲಾಗದೆ ಕೂಡಲೇ ಜಯದ ಹಾಡು ಎತ್ತಿಕೊಳ್ಳುವುದು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲ, ಅಲ್ವಾ? ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಆ ಸಮಾಧಿಯ ದಾರಿಯಲ್ಲಿ ಅತ್ತನು. ನಮಗೇಕೆ ಅಷ್ಟು ಅವಸರ?

ಎಚ್ಚರಿಕೆಯ ಗುರುತು: ಹೆಚ್ಚು ಕಳೆದುಕೊಂಡವರೇ ಆರಾಧನೆಗೆ ಬರುವುದು ಕಡಿಮೆ ಮಾಡುತ್ತಿದ್ದರೆ, ನಿಮ್ಮ ಸಭೆಯಲ್ಲಿ ಅಳುವುದಕ್ಕೆ ಜಾಗವಿಲ್ಲ ಎಂದರ್ಥ. ಮುಂದಿನ ಹಂತಕ್ಕೆ ಹೋಗಬೇಡಿ. ಮೊದಲು ಅವರ ಮನೆಗೆ ಹೋಗಿ.

## ಹಂತ 2: ಯಾವ ಭಯ ಬಾಯಿ ಕಟ್ಟಿದೆ ಎಂದು ತಿಳಿದುಕೊಳ್ಳಿ

ಹೆಸರು ಬರೆಯದ ಚೀಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ನಿಮ್ಮ ನಂಬಿಕೆಯ ಬಗ್ಗೆ ಪಕ್ಕದವರೊಡನೆ ಮಾತನಾಡಲು ಏನು ಅಡ್ಡ ಬರುತ್ತದೆ?"

ಬರುವ ಉತ್ತರಗಳು ಸಾಮಾನ್ಯವಾಗಿ ನಾಲ್ಕು ಗುಂಪಿಗೆ ಸೇರುತ್ತವೆ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿಲ್ಲ. ಸಂಬಂಧ ಕೆಡಬಹುದು. ತೊಂದರೆ ಕೊಡಬಹುದು. ನಾಲ್ಕನೆಯದು, ಜೋರಾಗಿ ಯಾರೂ ಹೇಳದಿರುವುದು: ನನ್ನ ನಂಬಿಕೆಯೇ ಅಲುಗಾಡುತ್ತಿದೆ. ಉತ್ತರ ಗೊತ್ತಿಲ್ಲದವರಿಗೆ "ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎನ್ನುವುದನ್ನು ಕಲಿಸಿದರೆ ಸಾಕು. ನಂಬಿಕೆ ಅಲುಗಾಡುತ್ತಿರುವವರನ್ನು ಮಾತ್ರ ಸದ್ಯಕ್ಕೆ ಎಲ್ಲಿಗೂ ಕಳಿಸಬೇಡಿ. ಅವರ ಜೊತೆ ಯಾರಾದರೂ ವಾರಕ್ಕೊಮ್ಮೆ ಕೂರಲಿ.

ಚೀಟಿಗಳನ್ನು ಓದಿದ ಮೇಲೆ ಪ್ರಾರ್ಥಿಸಿ. ಯೇಸು ಕಳಿಸಿದ ಶಿಷ್ಯರಾದ ಅಪೊಸ್ತಲರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ಪುಸ್ತಕದ 4ನೇ ಅಧ್ಯಾಯದಲ್ಲಿ ಬೆದರಿಕೆ ಹಾಕಿಸಿಕೊಂಡು ಬಂದವರು ಬೇಡಿದ್ದು ಏನು ನೋಡಿ. ಅವರು ಧೈರ್ಯ ಕೇಳಿದರು. ಅಪೊಸ್ತಲ ಪೌಲ ಸೆರೆಯಲ್ಲಿದ್ದುಕೊಂಡು ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದಾಗಲೂ ಬಿಡುಗಡೆಯ ಮಾತೆತ್ತಲಿಲ್ಲ; ಮಾತಿಗೆ ಒಂದು ಬಾಗಿಲು ತೆರೆಯಲಿ, ಹೇಳುವುದು ಸ್ಪಷ್ಟವಾಗಿರಲಿ ಎಂದು ಬೇಡಿಕೊಳ್ಳಲು ಹೇಳಿದನು.

ಇಲ್ಲಿ ದೊಡ್ಡ ತಪ್ಪು ಅಪರಾಧಿ ಭಾವ ಹುಟ್ಟಿಸುವುದು. "ನಿಮಗೆ ಕ್ರಿಸ್ತನ ಬಗ್ಗೆ ನಾಚಿಕೆಯಾ?" ಎಂದು ವೇದಿಕೆಯಿಂದ ಕೇಳಿದರೆ ಜನ ಎರಡು ವಾರ ಓಡಾಡುತ್ತಾರೆ, ಆಮೇಲೆ ಪಾಸ್ಟರ್ ಕಣ್ಣು ತಪ್ಪಿಸಿ ತಿರುಗುತ್ತಾರೆ.

## ಹಂತ 3: ಈಗಾಗಲೇ ಪರಿಚಯವಿರುವವರ ಪಟ್ಟಿ ಮಾಡಿ

ಪ್ರತಿಯೊಬ್ಬರೂ ಮೂರರಿಂದ ಐದು ಹೆಸರು ಬರೆದುಕೊಳ್ಳಲಿ. ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು, ಮಕ್ಕಳ ಶಾಲೆಯಲ್ಲಿ ಸಿಗುವ ಪೋಷಕರು. ಹೆಸರಿನ ಮುಂದೆ ಅವರಿಗೆ ಈ ಕಷ್ಟದಲ್ಲಿ ಏನಾಗಿದೆ ಎಂದು ಒಂದು ಸಾಲು. ಏನೂ ಬರೆಯಲು ತೋಚದಿದ್ದರೆ ಅವರ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಎಂದಾಯಿತು. ಮೊದಲ ಕೆಲಸ ಅದನ್ನು ತಿಳಿದುಕೊಳ್ಳುವುದು. ಈ ಪಟ್ಟಿ ಬರೆದವರ ಬಳಿಯೇ ಇರಲಿ. ಸಭೆಯ ಕಚೇರಿಗೆ ಬರಬಾರದು, ವಾಟ್ಸ್‌ಆ್ಯಪ್ ಗುಂಪಿಗಂತೂ ಹೋಗಲೇಬಾರದು.

ಇದು ಪಾಸ್ಟರ್ ಕೆಲಸ ಎಂದು ಯಾರಾದರೂ ಗೊಣಗಿದರೆ ಅಪೊಸ್ತಲರ ಕೃತ್ಯಗಳು 8 ಮತ್ತು 11ನೇ ಅಧ್ಯಾಯ ಓದಿಸಿ. ನಂಬಿಕೆಗಾಗಿ ಸತ್ತ ಸ್ತೆಫನನ ಕೊಲೆಯ ನಂತರ ಹಿಂಸೆ ಶುರುವಾದಾಗ ಅಪೊಸ್ತಲರು ಯೆರೂಸಲೇಮಿನಲ್ಲೇ ಉಳಿದರು. ಚದರಿ ಹೋದವರು ಸಾಮಾನ್ಯ ವಿಶ್ವಾಸಿಗಳು. ಹೋದಲ್ಲೆಲ್ಲ ಸುವಾರ್ತೆ (ಯೇಸುವಿನ ಶುಭಸುದ್ದಿ) ಹೇಳಿದವರೂ ಅವರೇ. ಅಂತಿಯೋಕ್ಯದಲ್ಲಿ ಗ್ರೀಕರಿಗೆ ಮೊದಲು ಹೇಳಿದವರ ಹೆಸರನ್ನು ಕೂಡ ಆ ಪುಸ್ತಕ ಬರೆದ ಲೂಕ ಹೇಳಿಲ್ಲ.

## ಹಂತ 4: ಷರತ್ತಿಲ್ಲದ ಸಹಾಯ

ಈ ಹಂತದಲ್ಲಿ ತಪ್ಪಿದರೆ ವರ್ಷಗಟ್ಟಲೆ ಸರಿಹೋಗುವುದಿಲ್ಲ. ಹಸಿದವನ ಕೈಗೆ ಊಟದ ಜೊತೆ ಕರಪತ್ರ ಇಟ್ಟರೆ ಅವನಿಗೆ ಬೇಡ ಎನ್ನುವ ಸ್ವಾತಂತ್ರ್ಯವೇ ಇರುವುದಿಲ್ಲ. ಬೇಡ ಎನ್ನಲಾಗದ ಕಡೆ ಹೂಂ ಎಂದದ್ದಕ್ಕೆ ಬೆಲೆಯಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರ ಅಂದುಕೊಳ್ಳಬೇಡಿ. 1994ರಲ್ಲಿ ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ಮತ್ತು ಪರಿಹಾರ ಸಂಸ್ಥೆಗಳು ಒಪ್ಪಿಕೊಂಡ ನಡವಳಿಕೆಯ ನಿಯಮಗಳು, ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಪರಿಹಾರವನ್ನು ಬಳಸಬಾರದು ಎನ್ನುತ್ತವೆ. 2011ರಲ್ಲಿ ಜಾಗತಿಕ ಸಭೆಗಳ ಮಂಡಳಿ, ಅಂತರ್ಧರ್ಮ ಸಂವಾದಕ್ಕಾಗಿರುವ ವ್ಯಾಟಿಕನ್ ಮಂಡಳಿ ಮತ್ತು ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ ಕ್ರೈಸ್ತ ಸಾಕ್ಷಿಯ ಬಗ್ಗೆ ಶಿಫಾರಸುಗಳನ್ನು ಹೊರತಂದವು. ಬಡತನ ಮತ್ತು ಅಗತ್ಯವನ್ನು ದುರುಪಯೋಗ ಮಾಡಿಕೊಳ್ಳುವುದಕ್ಕೆ ಕ್ರೈಸ್ತ ಸೇವೆಯಲ್ಲಿ ಜಾಗವಿಲ್ಲ ಎಂದು ಅಲ್ಲಿ ನೇರವಾಗಿ ಹೇಳಿದ್ದಾರೆ. ಬೇರೆ ಎಷ್ಟೋ ವಿಷಯಗಳಲ್ಲಿ ಒಮ್ಮತಕ್ಕೆ ಬರದ ಈ ಮೂವರು ಇದರಲ್ಲಿ ಒಂದಾದರು ಎನ್ನುವುದನ್ನು ನಿಮ್ಮ ಹಿರಿಯರ ಮುಂದೆ ಇಡಿ.

ಕೆಲಸಕ್ಕೆ ಇಳಿಯುವಾಗ ಹೀಗೆ ಮಾಡಿ:

1. ಸಭೆಯವರಿಗೂ ಹೊರಗಿನವರಿಗೂ ಒಂದೇ ಸಾಲು, ಒಂದೇ ಪ್ರಮಾಣ. ಹೆಚ್ಚು ಅಗತ್ಯವಿರುವವರಿಗೆ ಮೊದಲು.
2. ಕೊಡುವ ಮುನ್ನ ಪ್ರಾರ್ಥನೆ, ಹಾಡು, ಪ್ರಸಂಗ ಇಲ್ಲ. ಚೀಲದೊಳಗೆ ಕರಪತ್ರವೂ ಇಲ್ಲ.
3. ತೆಗೆದುಕೊಳ್ಳುವವರ ಮುಖದ ಫೋಟೋ ಬೇಡ. ದಾನಿಗಳಿಗೆ ತೋರಿಸಬೇಕಾದರೆ ಮೂಟೆಗಳ ಫೋಟೋ ಸಾಕು.
4. ಪರಿಹಾರಕ್ಕೆ ಬರೆದುಕೊಂಡ ಹೆಸರು, ನಂಬರುಗಳನ್ನು ಆರಾಧನೆಗೆ ಕರೆಯಲು ಬಳಸಬೇಡಿ.
5. ಬಂದ ಹಣ, ಹೋದ ಹಣದ ಲೆಕ್ಕ ಯಾರು ಕೇಳಿದರೂ ತೋರಿಸುವಂತಿರಲಿ.

ಆಗಲೇ ಕೆಲಸ ಮಾಡುತ್ತಿರುವ ಬೇರೆಯವರಿದ್ದರೆ ಅವರ ಜೊತೆ ಸೇರಿಕೊಳ್ಳಿ. ಮೂಟೆ ಹೊರುವವರಿಗೆ ಯಾವಾಗಲೂ ಕೊರತೆ ಇರುತ್ತದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು ಅದೇ ತಾನೇ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಯತ್ನಿಸಿ ಎಂದು. ಅವರನ್ನು ಸೆರೆ ಒಯ್ದವರ ಪಟ್ಟಣ ಅದು.

ಹಾಗಾದರೆ ನಂಬಿಕೆಯ ಮಾತು ಯಾವಾಗ? ಸಹಾಯ ಪಡೆದವರು ತಾವಾಗಿ "ಯಾಕೆ ಇಷ್ಟೆಲ್ಲ ಮಾಡುತ್ತೀರಿ?" ಎಂದು ಕೇಳಿದಾಗ. ಕೇಳದಿದ್ದರೂ ಸಹಾಯ ನಿಲ್ಲಬಾರದು.

## ಹಂತ 5: ಕೇಳಿಸಿಕೊಳ್ಳಲು ಕಲಿಸಿ

ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲವೂ ಕೆಟ್ಟಿತು. ನಮ್ಮ ಸಭೆಗಳಲ್ಲಿ ಮಾತನಾಡುವ ತರಬೇತಿ ಬೇಕಾದಷ್ಟಿದೆ. ಕೇಳಿಸಿಕೊಳ್ಳುವ ತರಬೇತಿ ಕೊಡುವವರು ಕಡಿಮೆ.

ಅಭ್ಯಾಸ ಹೀಗಿರಲಿ. ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಐದು ನಿಮಿಷ ತಮ್ಮ ಈ ತಿಂಗಳ ಕಷ್ಟ ಹೇಳಲಿ. ಕೇಳುವವರು ಸಲಹೆ ಕೊಡಬಾರದು, ವಚನ ಹೇಳಬಾರದು, "ನನಗೂ ಹೀಗೇ ಆಗಿತ್ತು" ಎಂದು ತಮ್ಮ ಕಥೆ ತೆಗೆಯಬಾರದು. ಐದು ನಿಮಿಷದ ಮೇಲೆ ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು "ಹೌದು, ಅದೇ" ಎಂದರೆ ಪಾಸು. ಮೊದಲ ಸಲ ಹೆಚ್ಚಿನವರು ಎರಡನೇ ನಿಮಿಷಕ್ಕೇ ಬಾಯಿ ಹಾಕುತ್ತಾರೆ. ಅನುಭವಿ ಪ್ರಸಂಗಿಗಳು ಇನ್ನೂ ಬೇಗ.

ಆಮೇಲೆ, ಹೇಳಬಾರದ ಮಾತುಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಿ:

- "ಎಲ್ಲಾ ದೇವರ ಚಿತ್ತ."
- "ದೇವರು ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೆ."
- "ನಿಮಗಿಂತ ಜಾಸ್ತಿ ಕಷ್ಟದಲ್ಲಿರುವವರು ಇದ್ದಾರೆ."
- "ನಂಬಿಕೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ."

ನಾಲ್ಕನೆಯದು ಕ್ರೂರ. ಯೆರೂಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಎಂಬ ಲೆಕ್ಕಾಚಾರವನ್ನು ಯೇಸು ಒಪ್ಪಲಿಲ್ಲ. ಪಾಪ ಬಿಟ್ಟು ದೇವರ ಕಡೆ ತಿರುಗಿಕೊಳ್ಳಿ ಎಂಬ ಕರೆಯನ್ನು ಬದುಕಿದ್ದ ಎಲ್ಲರಿಗೂ ಕೊಟ್ಟನೇ ಹೊರತು ಸತ್ತವರತ್ತ ಬೆರಳು ತೋರಿಸಲಿಲ್ಲ.

ಬದಲಿಗೆ ಹೇಳಬಹುದಾದದ್ದು: "ಕೇಳುತ್ತಿದ್ದೇನೆ, ಹೇಳಿ." "ಇವತ್ತು ರಾತ್ರಿಗೆ ಏನು ಬೇಕು?" "ನಾಳೆ ಮತ್ತೆ ಬರಲೇ?" ಬರುತ್ತೇನೆ ಎಂದರೆ ಬರಲೇಬೇಕು.

ದುರಂತದ ಜಾಗದಲ್ಲಿ ನೊಂದವರಿಗೆ ಕೊಡುವ ಮೊದಲ ಆಸರೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ಹೊರತಂದಿತು. ಅದರ ಸಾರ ಮೂರು ಕೆಲಸ: ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿಗೆ ಜೋಡಿಸುವುದು. ಮೂರನೆಯದಕ್ಕೇ ನಿಮ್ಮ ಫೋನ್ ಪಟ್ಟಿ.

ಎಚ್ಚರಿಕೆಯ ಗುರುತುಗಳು: ಸಾಯುವ ಮಾತು, ದಿನಗಟ್ಟಲೆ ನಿದ್ದೆ ಇಲ್ಲದಿರುವುದು, ಮಕ್ಕಳ ಕಡೆ ಗಮನವೇ ಹೋಗದಿರುವುದು, ಮನೆಯಲ್ಲಿ ಹೊಡೆತದ ಗುರುತು. ಇಲ್ಲಿ ಪ್ರಾರ್ಥನೆಯೊಂದೇ ಸಾಲದು. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ, ವೈದ್ಯರ ನೆರವು ಸಿಗುವವರೆಗೆ ಜೊತೆಗಿರಿ. ಔಷಧಿ ನಿಲ್ಲಿಸಿ ಎಂದು ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ.

## ಹಂತ 6: ಮೂರು ನಿಮಿಷದ ಸಾಕ್ಷಿ ಸಿದ್ಧಮಾಡಿ

ಈಗ ಮಾತು. ಅಪೊಸ್ತಲ ಪೇತ್ರನು ತನ್ನ ಮೊದಲ ಪತ್ರವನ್ನು ಬರೆದದ್ದು ಕಷ್ಟದಲ್ಲಿದ್ದ ಸಭೆಗಳಿಗೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದು ಸೌಮ್ಯವಾಗಿ, ಗೌರವದಿಂದ ಇರಲಿ ಎಂದು ಅವನು ಹೇಳುತ್ತಾನೆ. ಕೇಳುವವರು, ಸಿದ್ಧತೆ, ಗೌರವ: ಮೂರೂ ಇರಬೇಕು.

ಪ್ರತಿಯೊಬ್ಬರೂ ನಾಲ್ಕು ಭಾಗದಲ್ಲಿ ಬರೆದುಕೊಳ್ಳಲಿ. ನನಗೆ ಏನಾಯಿತು. ಆಗ ನಾನು ಯೇಸುವನ್ನು ಹೇಗೆ ಹಿಡಿದುಕೊಂಡೆ. ಇನ್ನೂ ಏನು ಸರಿಹೋಗಿಲ್ಲ. ಆದರೂ ಯಾಕೆ ನಂಬುತ್ತೇನೆ. ಉದಾಹರಣೆಗೆ:

"ನನ್ನ ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಮೊದಮೊದಲು ಪ್ರಾರ್ಥನೆ ಮಾಡಲೂ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನೇ ದೇವರ ಮುಂದೆ ಇಟ್ಟೆ. ಕೆಲಸ ಇನ್ನೂ ಸಿಕ್ಕಿಲ್ಲ, ಭಯ ಪೂರ್ತಿ ಹೋಗಿಲ್ಲ. ಆದರೆ ಯೇಸು ಶಿಲುಬೆಯ ಮೇಲೆ 'ಯಾಕೆ ಕೈಬಿಟ್ಟೆ' ಎಂದು ಕೂಗಿದವನು, ಸತ್ತು ಎದ್ದವನು. ನನ್ನ ಕತ್ತಲೆ ಅವನಿಗೆ ಹೊಸದಲ್ಲ. ಅದಕ್ಕೇ ಅವನನ್ನು ಬಿಟ್ಟಿಲ್ಲ."

ಮೂರನೇ ಭಾಗವನ್ನು ಜನ ಮೊದಲು ಕತ್ತರಿಸುತ್ತಾರೆ. ಬಿಡಬೇಡಿ. ಎಲ್ಲವೂ ಸರಿಹೋದ ಕಥೆ ಕೇಳಿದರೆ, ಏನೂ ಸರಿಹೋಗದವರಿಗೆ ತಾವು ದೇವರಿಗೆ ಬೇಡವಾದವರು ಅನ್ನಿಸುತ್ತದೆ. ಸುವಾರ್ತೆ ಎಂದರೆ ನನ್ನ ಸಮಸ್ಯೆ ಬಗೆಹರಿದ ಸುದ್ದಿ ಅಂದುಕೊಂಡ ಸಭೆ, ಬಗೆಹರಿಯದ ದಿನ ಹೇಳಲು ಏನೂ ಇಲ್ಲದೆ ನಿಲ್ಲುತ್ತದೆ.

ಇದರ ಎದುರು ತಪ್ಪೂ ಇದೆ. ನೋಯಿಸಬಾರದೆಂದು ಯೇಸುವಿನ ಹೆಸರನ್ನೇ ಎತ್ತದೆ "ಪಾಸಿಟಿವ್ ಆಗಿರಿ" ಎಂದು ಮುಗಿಸುವುದು. ಅದನ್ನು ಹೇಳಲು ಸಭೆ ಬೇಕಿಲ್ಲ.

ಬರೆದದ್ದನ್ನು ಚರ್ಚಿಗೆ ಬಾರದ ಒಬ್ಬ ಸ್ನೇಹಿತರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಮಾತಿಗೆಲ್ಲ ಅಡಿಗೆರೆ ಎಳೆದು ಬೇರೆ ಮಾತು ಹುಡುಕಿ. ಉದ್ದದ ಬಗ್ಗೆ ಅನುಮಾನವಿದ್ದರೆ ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ನೋಡಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಪೌಲ ತಾನು ಸೇವಿಸುವ ದೇವರ ಬಗ್ಗೆ ಹೇಳಿದ್ದು ಕೆಲವೇ ಮಾತು. ಹದಿನಾಲ್ಕನೇ ದಿನ ಎಲ್ಲರಿಗೂ ಊಟ ಮಾಡಿ ಎಂದು ಒತ್ತಾಯಿಸಿ, ಎಲ್ಲರೆದುರು ದೇವರಿಗೆ ಸ್ತೋತ್ರ ಮಾಡಿ ತಾನೂ ತಿಂದನು. ಪ್ರಸಂಗ ಮಾಡಲು ಅದಕ್ಕಿಂತ ಒಳ್ಳೆಯ ಜನಸಮೂಹ ಅವನಿಗೆ ಎಲ್ಲಿ ಸಿಗಬೇಕಿತ್ತು!

## ಹಂತ 7: ಅನುಮತಿ ಕೇಳಿ, ಚಿಕ್ಕದೊಂದಕ್ಕೆ ಕರೆಯಿರಿ

"ನಿಮಗೋಸ್ಕರ ಪ್ರಾರ್ಥನೆ ಮಾಡಲೇ?" ಎಂದು ಕೇಳಿ. ಬೇಡ ಎಂದರೆ ಮುಖ ಚಿಕ್ಕದು ಮಾಡಿಕೊಳ್ಳದೆ ಬೇರೆ ಮಾತಿಗೆ ಹೋಗಿ. ಹೂಂ ಎಂದರೆ ಅರ್ಧ ನಿಮಿಷದ ಪ್ರಾರ್ಥನೆ, ಸಾಧಾರಣ ದನಿಯಲ್ಲಿ. ಗುಣವಾಗುತ್ತದೆ ಎಂದು ಮಾತು ಕೊಡಬೇಡಿ.

ಇನ್ನೂ ತಿಳಿಯುವ ಆಸೆ ತೋರಿಸಿದವರನ್ನು ದೊಡ್ಡ ಕೂಟಕ್ಕೆ ಎಳೆದುಕೊಂಡು ಹೋಗುವುದು ಬೇಡ. ಜೊತೆಗೆ ಕೂತು ಮಾರ್ಕನ ಸುವಾರ್ತೆ ಓದೋಣವಾ ಎಂದು ಕೇಳಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆ ಪುಸ್ತಕಗಳಲ್ಲಿ ಚಿಕ್ಕದು, 16 ಅಧ್ಯಾಯ. ಸಲಕ್ಕೆ ನಾಲ್ಕರಂತೆ ಓದಿದರೆ ನಾಲ್ಕು ಭೇಟಿಯಲ್ಲಿ ಮುಗಿಯುತ್ತದೆ. ಪ್ರತಿ ಸಲ ಎರಡೇ ಪ್ರಶ್ನೆ: ಇಲ್ಲಿ ಯೇಸು ಎಂಥವನಾಗಿ ಕಾಣುತ್ತಾನೆ? ನಿಮಗೆ ಒಪ್ಪಲು ಕಷ್ಟವಾದದ್ದು ಯಾವುದು?

ಸಾವಿನ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿರ್ಧಾರಕ್ಕೆ ಒತ್ತಾಯ ಮಾಡಬೇಡಿ. ಹೆತ್ತವರಿಗೆ ಗೊತ್ತಿಲ್ಲದೆ ಮಕ್ಕಳನ್ನು ಕರೆಯಬೇಡಿ. ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರುವುದೂ ಬೇಡ, ಯಾವಾಗಲೂ ಇಬ್ಬರಿರಲಿ.

ವಿರೋಧ ಇರುವ ಕಡೆ ಇನ್ನೊಂದು ವಿಷಯ. ಅಪಾಯ ಜಾಸ್ತಿ ಇರುವುದು ಹೇಳುವವರಿಗಿಂತ ಕೇಳಿ ಒಪ್ಪಿದವರಿಗೆ. ಅವರ ಹೆಸರು, ಫೋಟೋ, ಸಾಕ್ಷಿ ಯಾವುದನ್ನೂ ಅವರ ಅನುಮತಿಯಿಲ್ಲದೆ ಹೊರಗೆ ಬಿಡಬೇಡಿ. ನಿಮ್ಮಲ್ಲಿನ ಕಾನೂನನ್ನು ಒಬ್ಬ ವಕೀಲರಿಂದ ಮೊದಲೇ ತಿಳಿದುಕೊಳ್ಳಿ. ಹಾವಿನಂತೆ ಜಾಣರಾಗಿರಿ ಎಂದ ಯೇಸುವೇ, ಒಂದು ಊರಿನಲ್ಲಿ ಹಿಂಸೆ ಕೊಟ್ಟರೆ ಇನ್ನೊಂದಕ್ಕೆ ಓಡಿಹೋಗಿ ಎಂದೂ ಹೇಳಿದ್ದಾನೆ. ಜಾಗ ಬಿಡುವುದು ಹೇಡಿತನವಾಗಬೇಕಿಲ್ಲ.

## ಹಂತ 8: ಫೋನಿನಲ್ಲಿ ಹಂಚುವುದಕ್ಕೆ ಕಡಿವಾಣ

ಚಿಕ್ಕ ಹಂತ, ಆದರೆ ಬಿಡುವ ಹಾಗಿಲ್ಲ. ಕಷ್ಟ ಬಂದ ಕೂಡಲೇ ವಿಶ್ವಾಸಿಗಳ ಗುಂಪುಗಳಲ್ಲಿ ಲೋಕಾಂತ್ಯದ ದಿನಾಂಕ, ಪವಾಡದ ಔಷಧಿ, ಯಾರದೋ ದರ್ಶನ ಹರಿದಾಡುತ್ತವೆ. ಆ ದಿನ ಯಾರಿಗೂ ತಿಳಿಯದು, ಮಗನಾದ ತನಗೂ ತಿಳಿಯದು ಎಂದು ಮಾರ್ಕ 13ರಲ್ಲಿ ಯೇಸುವೇ ಹೇಳಿದ್ದಾನೆ. ಮತ್ತೆ ದಿನಾಂಕ ಎಲ್ಲಿಂದ ಬಂತು? ಪರೀಕ್ಷಿಸದ ಸುದ್ದಿಯನ್ನು ಸಭೆಯ ಗುಂಪಿಗೆ ಹಾಕುವಂತಿಲ್ಲ ಎಂದು ನಿಯಮ ಮಾಡಿ. ಸುಳ್ಳು ಸುದ್ದಿ ಕಳಿಸಿದವರ ಸುವಾರ್ತೆಯನ್ನೂ ಜನ ಅದೇ ಕಣ್ಣಿಂದ ನೋಡುತ್ತಾರೆ.

## ಹಂತ 9: ಉಳಿದವರು ಹೋದ ಮೇಲೂ ಇರಿ

ಮೊದಲ ವಾರಗಳಲ್ಲಿ ಎಲ್ಲರೂ ಬರುತ್ತಾರೆ. ವಾಹನಗಳು ಹೋದ ಮೇಲೆ, ಸುದ್ದಿಯವರು ಬೇರೆ ವಿಷಯಕ್ಕೆ ತಿರುಗಿದ ಮೇಲೆ ನಿಜವಾದ ಒಂಟಿತನ ಶುರು. ಸಭೆಯ ಬೆಲೆ ಗೊತ್ತಾಗುವುದು ಆಗ.

ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ಮೂರು ದಿನಾಂಕ ಬರೆಯಿರಿ: ಮೂರು ತಿಂಗಳಿಗೆ ಒಂದು ಭೇಟಿ, ಆರು ತಿಂಗಳಿಗೆ ಒಂದು, ವರ್ಷ ತುಂಬುವ ದಿನ ಒಂದು. ಯಾರು ಹೋಗುತ್ತಾರೆ ಎಂದೂ ಪಕ್ಕದಲ್ಲೇ ಬರೆಯಿರಿ. ಹೆಸರಿಲ್ಲದ ದಿನಾಂಕಕ್ಕೆ ಯಾರೂ ಹೋಗುವುದಿಲ್ಲ.

ಕೆಲಸ ಮಾಡುವವರು ಸುಸ್ತಾಗುತ್ತಾರೆ. ಪ್ರವಾದಿ ಎಲೀಯ ಇನ್ನು ಸಾಕು, ಸಾಯಿಸಿಬಿಡು ಎಂದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ತಿನ್ನಲು ಹೇಳಿದನು. ದೇವರ ಪ್ರಶ್ನೆ ಬಂದದ್ದು ಅದಾದ ಮೇಲೆ. ಆದ್ದರಿಂದ ಸರದಿ ಮಾಡಿ. ನೊಂದವರ ಮನೆಗಳಿಗೆ ಹೋಗುವವರಿಗೆ ವಾರದಲ್ಲಿ ಒಂದು ದಿನ ಕಡ್ಡಾಯ ರಜೆ ಕೊಡಿ. ಸಿಡಿಮಿಡಿ, ನಿದ್ದೆಗೇಡು, ನೊಂದವರ ಬಗ್ಗೆ ತಮಾಷೆ ಮಾಡುವುದು ಕಂಡರೆ ಅಂಥವರನ್ನು ಕೆಲವು ವಾರ ಕೆಲಸದಿಂದ ಬಿಡಿಸಿ. ಅದು ಶಿಕ್ಷೆಯಲ್ಲ ಎಂದು ಬಾಯಿಬಿಟ್ಟು ಹೇಳಿ.

ಲೆಕ್ಕ ಇಡಲೇಬೇಕೆಂದರೆ ಎಷ್ಟು ಜನ ಸಭೆಗೆ ಸೇರಿದರು ಎಂದು ತಿಂಗಳ ವರದಿಯಲ್ಲಿ ಬರೆಯುವುದು ಬಿಡಿ. ಆ ಅಂಕಿ ವರದಿಗೆ ಬಂದ ಕೂಡಲೇ ಹಂತ 4ರ ನಿಯಮಗಳು ಒಂದೊಂದಾಗಿ ಸಡಿಲಾಗುತ್ತವೆ. ಹೇಳಿದ ದಿನ ಎಷ್ಟು ಮನೆಗಳಿಗೆ ಹೋದಿರಿ, ಎಷ್ಟು ಮನೆಗಳು ತಪ್ಪಿದವು, ಈ ಎರಡನ್ನೇ ಬರೆಯಿರಿ. ತಪ್ಪಿದ ಮನೆಗಳಿಂದಲೇ ಮುಂದಿನ ವಾರ ಶುರು ಮಾಡಿ.